ಎರಡನೆಯ ಚಕ್ರ

ಕ್ಯಾಮೆರಾದ ಪುಟ್ಟ ಪರದೆಯಲ್ಲಿ ದೊಡ್ಡಪ್ಪ ಕಾಣಲಿಲ್ಲ, ಬೆಂಕಿ ಕಾಣಲಿಲ್ಲ, ಚಕ್ರವೂ ಕಾಣಲಿಲ್ಲ. ಬರೀ ಬಿಳಿ. ಭೂಮಿಕ ದುಪಟ್ಟಾದ ತುದಿಯಿಂದ ಲೆನ್ಸು ಒರೆಸಿದಳು. ಕೈ ತೆಗೆಯುವಷ್ಟರಲ್ಲಿ ಮತ್ತೆ ಮಂಜು ಕಟ್ಟಿತು. ಇನ್ನೊಮ್ಮೆ ಒರೆಸುವ ಹೊತ್ತಿಗೆ ಕೆಲಸವೇ ಮುಗಿದುಹೋಗಿತ್ತು.

ಚಿನಕುರಳಿಯ ಆ ಕುಲುಮೆಯಲ್ಲಿ ಎತ್ತಿನ ಗಾಡಿಯ ಚಕ್ರ ಮಾಡಿ ವರ್ಷಗಳೇ ಆಗಿದ್ದವು. ದೊಡ್ಡಪ್ಪ ಲಕ್ಷ್ಮಣಾಚಾರ್ ಈಗ ಕಲ್ಲುಕ್ವಾರಿಯವರ ಉಳಿ ಚೂಪು ಮಾಡಿಕೊಡುತ್ತಿದ್ದರು, ಗೇಟು ಗ್ರಿಲ್ಲು ಬೆಸೆಯುತ್ತಿದ್ದರು. ಕೆ.ಆರ್. ಪೇಟೆ ಕಡೆಯ ರೈತನೊಬ್ಬ ಹಟ ಹಿಡಿದು ಒಂದು ಜೊತೆ ಚಕ್ರ ಕೇಳಿದ್ದಕ್ಕೆ ಒಪ್ಪಿದ್ದರು. ಭುಜದ ನೋವಿನಿಂದಾಗಿ ಇದೇ ಕಡೆಯದು ಎಂದೂ ಹೇಳಿಬಿಟ್ಟಿದ್ದರು. ಶ್ರೀರಂಗಪಟ್ಟಣದ ಸ್ಟುಡಿಯೋ ಒಂದರಲ್ಲಿ ಮದುವೆ ವಿಡಿಯೋ ತೆಗೆಯುವ ಭೂಮಿಕ ಸ್ಕೂಟಿ ಏರಿ ಬಂದದ್ದು ಅದಕ್ಕೇ. ಬೆರಣಿಯ ಬೆಂಕಿಯಲ್ಲಿ ಕೆಂಪಗೆ ಕಾದ ಕಬ್ಬಿಣದ ಪಟ್ಟಿಯನ್ನು ಮರದ ಚಕ್ರಕ್ಕೆ ತೊಡಿಸಿ ನೀರು ಹೊಯ್ದಾಗ, ಅದು ಕುಗ್ಗಿ ಚಕ್ರವನ್ನು ಅಪ್ಪಿಕೊಳ್ಳುವ ಗಳಿಗೆ ಅವಳಿಗೆ ಬೇಕಿತ್ತು.

“ಇನ್ನೊಂದ್ಸಲ ಮಾಡಕಾಯ್ತದಾ ದೊಡ್ಡಪ್ಪ?”

“ಮದ್ವೆಲಿ ಇನ್ನೊಂದ್ಸಲ ಹಾರ ಹಾಕುಸ್ತೀಯಲ್ಲ, ಅಂಗಲ್ಲ ಕನವ್ವ ಇದು. ಕುಂತ ಪಟ್ಟಿ ಕುಂತಂಗೇಯ.” ದೊಡ್ಡಪ್ಪ ಇಕ್ಕಳ ಕೆಳಗಿಟ್ಟರು. “ಇನ್ನೊಂದು ಚಕ್ರಕ್ಕೆ ಮುಂದಿನ್ವಾರ ಹಾಕ್ತೀನಿ, ಬೇಕಾದ್ರೆ ಬಾ. ನೀನು ಒರುಸ್ಕೊಳೋ ತಂಕ ಮಾತ್ರ ಕಾಯಕಾಗಕಿಲ್ಲ.”

ಅವಳು ಸ್ಟುಡಿಯೋಗೆ ಮರಳಿದಾಗ ಮಾಲೀಕ ನಾಗಾರ್ಜುನ, “ಮಳೆಗಾಲದಲ್ಲಿ ಆವಿಯೊಳಕ್ಕೆ ಕ್ಯಾಮೆರಾ ತಗೊಂಡೋದ್ರೆ ಇನ್ನೇನಾಯ್ತದೆ? ಬುಟ್ಬುಡು ಅದನ್ನ” ಎಂದ. ಭೂಮಿಕ ಬಿಡಲಿಲ್ಲ. ಬ್ಯಾಟರಿ ತೆಗೆದು, ಕ್ಯಾಮೆರಾವನ್ನು ತೇವ ಹೀರುವ ಪೊಟ್ಟಣಗಳ ಜೊತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಒಣಗಲಿಟ್ಟಳು. ತೆಗೆದದ್ದರಲ್ಲಿ ಏನಾದರೂ ಉಳಿದಿದೆಯೇ ನೋಡೋಣವೆಂದು ಮೆಮೊರಿ ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ಹೆಡ್‌ಫೋನ್ ಸಿಕ್ಕಿಸಿಕೊಂಡಳು.

ನೋಡುವುದಕ್ಕೆ ಏನೂ ಇರಲಿಲ್ಲ. ಹಾಗಾಗಿ ಕೇಳಿಸಿಕೊಂಡಳು. ನೀರಿನ ಚುಂಯ್ ಸದ್ದು, ಸುತ್ತಿಗೆಯ ಏಟು, ಅವೆರಡರ ನಡುವೆ ದೊಡ್ಡಮ್ಮ ಜಯಲಕ್ಷ್ಮಮ್ಮನ ದನಿ. “ಇಲ್ಲಿ ವಸಿ ಬಡೀರಿ... ತಡೀರಿ, ನೀರು ಬುಟ್ಟೆ... ಈಗ ಅತ್ಲಾಗೆ... ಸಾಕು, ಕಚ್ಕಂಡದೆ.” ಆಕೆ ಬಡೀರಿ ಅಂದ ಕಡೆ ಏಟು ಬೀಳುತ್ತಿತ್ತು, ಸಾಕು ಅಂದಾಗ ನಿಲ್ಲುತ್ತಿತ್ತು. ಚಿಕ್ಕಂದಿನಿಂದ ಭೂಮಿಕ ಕಂಡಿದ್ದದ್ದು ಕೊಡ ಹಿಡಿದು ನಿಂತ ದೊಡ್ಡಮ್ಮನನ್ನು ಮಾತ್ರ. ತಾನು ಅಷ್ಟು ದಿನ ನೋಡಿದ್ದಾದರೂ ಏನು ಅನ್ನಿಸಿ ಅವಳಿಗೆ ನಾಚಿಕೆಯಾಯಿತು.

ಕ್ಯಾಮೆರಾ ಒಣಗಿದ ಮೇಲೆ ಪರೀಕ್ಷೆಗೆ ಕುಳಿತಳು. ಎ.ಸಿ. ಕೋಣೆಯಿಂದ ಜಗುಲಿಗೆ ತಂದ ಕೂಡಲೇ ಲೆನ್ಸು ಬೆವರಿತು. ಕುಲುಮೆಯ ಆವಿಗಿಂತ ಮೊದಲು ತಪ್ಪಿದ್ದು ಇಲ್ಲಿಯೇ; ಅವತ್ತೂ ರಾತ್ರಿಯಿಡೀ ಎ.ಸಿ.ಯಲ್ಲಿ ತಣ್ಣಗಿದ್ದ ಗಾಜನ್ನು ಕುಲುಮೆಯಲ್ಲಿ ನೇರ ತೇವದ ಗಾಳಿಗೆ ತೆರೆದಿದ್ದಳು. ಮತ್ತೆ ತಣ್ಣಗಾಗಿಸಿ, ಈ ಸಲ ಒಳಗೇ ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಬಿಗಿದು ಹೊರಗೆ ತಂದಳು. ಹನಿ ಕವರಿನ ಮೇಲೆ ಕೂತಿತು. ಕ್ಯಾಮೆರಾ ಹೊರಗಿನ ಬಿಸಿಗೆ ಹೊಂದಿಕೊಳ್ಳುವ ತನಕ ತಾಳ್ಮೆಯಿಂದ ಕಾದು ಬಿಚ್ಚಿದರೆ ಲೆನ್ಸು ತಿಳಿಯಾಗಿಯೇ ಇತ್ತು.

ಎರಡನೆಯ ಚಕ್ರದ ದಿನ ಮೋಡ ಕವಿದಿತ್ತು. ನಾಲೆಗೆ ನೀರು ಬಿಟ್ಟಿದ್ದರಿಂದ ಗಾಳಿಯೆಲ್ಲ ಒದ್ದೆಯಾಗಿತ್ತು. ಭೂಮಿಕ ಬೇಗನೆ ಬಂದು, ಕವರಿನಲ್ಲಿದ್ದ ಕ್ಯಾಮೆರಾವನ್ನು ಕುಲುಮೆಯ ಬೆಚ್ಚನೆಯ ಗೋಡೆಯ ಬಳಿ ಇಟ್ಟಳು. ಬೆರಣಿಯ ಹೊಗೆ ಎತ್ತ ಹೋಗುತ್ತದೆಂದು ನೋಡಿ, ಅದರ ಎದುರು ದಿಕ್ಕಿಗೆ ಸ್ಟ್ಯಾಂಡು ನಿಲ್ಲಿಸಿ, ಬೆಚ್ಚಗಾದ ಕ್ಯಾಮೆರಾವನ್ನು ಕವರಿನಿಂದ ತೆಗೆದು ಅದರ ಮೇಲೆ ಕೂರಿಸಿ ದೊಡ್ಡಮ್ಮನ ಕಡೆ ತಿರುಗಿಸಿದಳು.

“ನನ್ನ ಯಾಕವ್ವ ತೆಗೀತಿಯೆ? ಅವ್ರನ್ನ ತೆಗಿ.”

“ಅವ್ರಿಗೆ ಹೇಳ್ಕೊಡ್ತಾ ಇರೋಳು ನೀನಲ್ವಾ ದೊಡ್ಡಮ್ಮ?”

ದೊಡ್ಡಪ್ಪ ಬೆಂಕಿ ಕೆದಕುವುದನ್ನು ನಿಲ್ಲಿಸಿದರು. “ಅದು ದಿಟವೇ. ಮರ ಬಿಗಿಯೋ ಸದ್ದು ಸುತ್ತಿಗೆ ಗದ್ಲದಲ್ಲಿ ನಂಗೆ ಕೇಳಕಿಲ್ಲ. ಅವ್ಳಿಗೆ ಕೇಳ್ತದೆ. ಅವ್ಳನ್ನೇ ತೆಗಿ.”

ಕೆಂಪು ಪಟ್ಟಿ ಚಕ್ರದ ಮೇಲೆ ಇಳಿಯಿತು. ಮರ ಹೊತ್ತಿಕೊಂಡು ಉರಿಯಿತು, ದೊಡ್ಡಮ್ಮ ನೀರು ಹೊಯ್ದಳು. ಅಷ್ಟರಲ್ಲಿ ಗಾಳಿ ತಿರುಗಿ ಆವಿ ನೇರ ಕ್ಯಾಮೆರಾಕ್ಕೆ ಬಂದು ಬಡಿಯಿತು. ಪರದೆಯ ಅಂಚು ಬೆಳ್ಳಗಾಯಿತು. ಒರೆಸಲು ಎತ್ತಿದ ಕೈಯನ್ನು ಭೂಮಿಕ ಹಿಂದಕ್ಕೆಳೆದುಕೊಂಡು ಕಾದಳು. ಬೆಚ್ಚಗಿದ್ದ ಗಾಜಿನ ಮೇಲೆ ಮಂಜು ನಿಲ್ಲಲಿಲ್ಲ, ತಾನಾಗಿ ಕರಗಿತು. ಅದರ ಹಿಂದೆ ದೊಡ್ಡಮ್ಮನ ಮುಖ ಮೂಡಿತು. ಕಣ್ಣು ಅರೆ ಮುಚ್ಚಿ, ಕಿವಿಯನ್ನು ಚಕ್ರದ ಕಡೆ ವಾಲಿಸಿ, “ಸಾಕು” ಅಂದಳು.

ಮಧ್ಯಾಹ್ನ ಕೆ.ಆರ್. ಪೇಟೆಯ ರೈತ ಬಂದು ಎರಡೂ ಚಕ್ರಗಳನ್ನು ಟೆಂಪೋಗೆ ಹೇರಿಸಿದ. ಇವತ್ತೇ ಗಾಡಿಗೆ ಹಾಕಿ ಎತ್ತು ಹೂಡುತ್ತೇನೆ ಎಂದ.

“ಇದ್ನೂ ತೆಗೀಬೇಕು, ಓಗ್ತೀನಿ” ಎಂದು ಭೂಮಿಕ ಬ್ಯಾಗು ಹೆಗಲಿಗೇರಿಸಿದಳು.

“ತಡಿ” ಎಂದು ದೊಡ್ಡಮ್ಮ ಒಳಗೆ ಹೋದಳು. ಸೀರೆ ಬದಲಿಸಿ, ಚಪ್ಪಲಿ ಮೆಟ್ಟಿ ಹೊರಬಂದಳು. “ಇಷ್ಟೊಂದು ಚಕ್ರಕ್ಕೆ ನೀರುಯ್ದಿವ್ನಿ. ಒಂದಾದ್ರೂ ಉರುಳೋದ್ನ ನೋಡ್ಬೇಕು” ಎನ್ನುತ್ತಾ ಸ್ಕೂಟಿಯ ಹಿಂದೆ ಕುಳಿತಳು.