ಕಸ್ತೂರೆವ್ವನ ಫುಟ್‌ಬಾಲ್ ಮಳೆಗಾಲ

ಮೃಗಶಿರಾ ಮಳೆ ಬಂದು ನೆಲ ತಣಿದ ಮೇಲೆ ಲಕ್ಷ್ಮೇಶ್ವರದ ರೈತರು ಹೆಸರು ಬಿತ್ತಲು ಹೊರಟರು, ಪೇಟೆಯ ಆಟಗಾರರು ಚೆಂಡಿಗೆ ಗಾಳಿ ತುಂಬಲು ಕುಳಿತರು. ವರ್ಷದ ಈ ಹೊತ್ತಿನಲ್ಲಿ ಕಸ್ತೂರೆವ್ವನಿಗೆ ಊಟ ಸೇರುತ್ತಿರಲಿಲ್ಲ. ಮೊರದಲ್ಲಿ ಜೋಳ ಹಾಕಿಕೊಂಡು ಹಸನು ಮಾಡಲು ಕುಳಿತರೆ ಹರಳು ಆರಿಸುವ ಕೈ ನಡುವೆಯೇ ನಿಂತುಬಿಡುತ್ತಿತ್ತು. ಮೊರ ಸ್ವಲ್ಪ ಓರೆ ಮಾಡಿದರೆ ಕಾಳುಗಳೆಲ್ಲ ಎಡಕ್ಕೆ ಓಡುತ್ತಿದ್ದವು, ಮತ್ತೆ ಬಲಕ್ಕೆ. ಅವಳು ನೋಡುತ್ತ ಕೂಡುತ್ತಿದ್ದಳು.

ಪೇಟೆಯಲ್ಲಿ ಕಾಳುಕಡಿಯ ಅಡತಿ ಅಂಗಡಿ ಇಟ್ಟಿದ್ದ ವಿರೂಪಾಕ್ಷಪ್ಪನ ಹೆಂಡತಿ ಅವಳು. ಮನೆ ಊರ ಅಂಚಿಗಿತ್ತು. ಹಿತ್ತಿಲ ಗೋಡೆ ಮುಗಿದಲ್ಲಿ ಮೈದಾನ ಶುರುವಾಗುತ್ತಿತ್ತು. ಸುತ್ತಲಿನ ಎರೆ ಹೊಲಗಳಲ್ಲಿ ಮಳೆಯಾದರೆ ಇಟ್ಟ ಕಾಲು ಕಿತ್ತು ಬರುತ್ತಿರಲಿಲ್ಲ. ಈ ತುಂಡು ಮಾತ್ರ ಮಸಾರಿಯ ಕೆಂಪು ನೆಲ, ನೀರು ಕುಡಿದು ಮೆತ್ತಗಾಗುತ್ತಿತ್ತು. ಬೇಸಿಗೆಯಲ್ಲಿ ಅದೇ ನೆಲಕ್ಕೆ ಬಿದ್ದವನ ಮೊಣಕಾಲು ಉಳಿಯುತ್ತಿರಲಿಲ್ಲ. ಅದಕ್ಕೇ ಅಲ್ಲಿ ಫುಟ್‌ಬಾಲ್ ಎಂದರೆ ಮಳೆಗಾಲದ ಆಟ.

ಹೆಂಗಸರು ಮೈದಾನಕ್ಕೆ ಆಟ ನೋಡಲು ಹೋಗುತ್ತಿರಲಿಲ್ಲ. ಹೋಗಬಾರದೆಂದು ಯಾರೂ ಹೇಳಿರಲಿಲ್ಲ. ಯಾರೂ ಹೋಗಿರಲಿಲ್ಲ, ಅಷ್ಟೆ. ಕಸ್ತೂರೆವ್ವ ಮಾಳಿಗೆ ಹತ್ತುತ್ತಿದ್ದಳು. ಮಾಳಿಗೆ ಹತ್ತಲು ನೆಪ ಬೇಕಲ್ಲ? ಮೆಣಸಿನಕಾಯಿ, ಸಂಡಿಗೆ, ಶ್ಯಾವಿಗೆ ಎಲ್ಲ ಬಿಸಿಲಿನ ಕೆಲಸಗಳು. ಮದುವೆಯಾಗಿ ಬಂದ ಹೊಸತರಲ್ಲಿ, ತುಂತುರು ಮಳೆಯಲ್ಲಿ ಮೇಲೆ ನಿಂತವಳನ್ನು ಅತ್ತೆ ಬಸವಣ್ಣೆವ್ವ ಅಂಗಳದಿಂದ ಕೂಗಿದ್ದಳು.

"ಏನ್ ಮಾಡಾಕತ್ತಿ ಮ್ಯಾಲ?"

"ಮಾಳಿಗಿ ಸೋರತೈತೇನು ನೋಡಾಕತ್ತೇನ್ರಿ ಅತ್ತಿ."

"ಸೋರತೈತೇನ?"

"ಇಲ್ರಿ. ಆದ್ರ ಸೋರಬಹುದು."

ಆಡಿದ ಮಾತಿಗೆ ತಕ್ಕ ಹಾಗೆ ನಡೆಯಬೇಕಾಯಿತು. ಬುಟ್ಟಿಯಲ್ಲಿ ಸವಳು ಮಣ್ಣು ಒಯ್ದು ಬಿರುಕು ಮುಚ್ಚುವಳು, ಮಾಳಿಗೆಗೆ ಹೊದಿಸಿದ ಮೇಲುಮುದ್ದೆಯ ಮಣ್ಣಿನಲ್ಲಿ ಹುಟ್ಟಿದ ಹುಲ್ಲು ಕೀಳುವಳು, ಕಾಲಿನಿಂದ ತುಳಿದು ಗಟ್ಟಿ ಮಾಡುವಳು. ಕಣ್ಣು ಮಾತ್ರ ಮೈದಾನದಲ್ಲಿ. ಊರಿನ ಮಣ್ಣಿನ ಮಾಳಿಗೆಗಳೆಲ್ಲ ಆಷಾಢದಲ್ಲಿ ಸೋರುವಾಗ ವಿರೂಪಾಕ್ಷಪ್ಪನ ಮಾಳಿಗೆಯಿಂದ ಒಂದು ಹನಿ ಇಳಿಯುತ್ತಿರಲಿಲ್ಲ.

ಈ ಹುಚ್ಚು ಅವಳಿಗೆ ತವರಿನಿಂದ ಬಂದದ್ದು. ಗದಗಿನಲ್ಲಿ ಅವಳ ಅಪ್ಪ ಅರಳೆ ವ್ಯಾಪಾರಿ. ಸಂಜೆ ರೈಲ್ವೆ ಕೆಲಸಗಾರರ ಆಟವಿದ್ದರೆ ಮಗಳನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೋಗುತ್ತಿದ್ದ. ಇಂಜಿನ್ನಿನ ಹೊಗೆ, ಒದ್ದೆ ಹುಲ್ಲು, ಅಪ್ಪನ ರುಮಾಲಿನ ವಾಸನೆ ಮೂರೂ ಸೇರಿ ಅವಳ ಮಟ್ಟಿಗೆ ಅದೇ ಫುಟ್‌ಬಾಲಿನ ವಾಸನೆ. ಒಂದು ವರ್ಷ ಮಳೆಗಾಲ ಬಂದಾಗ ಅವ್ವ, "ದೊಡ್ಡಾಕಿ ಆದಿ, ಇನ್ನ ಸಾಕು" ಎಂದಳು. ಅಪ್ಪನೂ ಆ ವರ್ಷ ಆಟಕ್ಕೆ ಹೋಗಲಿಲ್ಲ.

ಲಕ್ಷ್ಮೇಶ್ವರದಲ್ಲಿ ಅವಳ ಜೊತೆಗಾತಿ ಪಕ್ಕದ ಮನೆಯ ಜೈಬುನ್ನೀಸಾ. ಎರಡೂ ಮಾಳಿಗೆಗಳ ನಡುವೆ ಮೊಣಕಾಲೆತ್ತರದ ಗೋಡೆ. ಜೈಬುನ್ನೀಸಾಳಿಗೆ ನೆಪವೇ ಬೇಕಿರಲಿಲ್ಲ, ಅವಳ ತಮ್ಮ ದಾವಲಸಾಬನೇ ಊರ ತಂಡದ ಎಡಬದಿಯ ಓಟಗಾರ. ಹಗಲು ಟಾಂಗಾ ಹೊಡೆಯುತ್ತಿದ್ದ ದಾವಲಸಾಬ ಸಂಜೆ ಬರಿಗಾಲಲ್ಲಿ ಗೆರೆಗುಂಟ ಓಡಿದರೆ ಚೆಂಡು ಅವನ ಕಾಲಿಗೆ ದಾರ ಕಟ್ಟಿದಂತೆ ಹಿಂದೆ ಬರುತ್ತಿತ್ತು. ಮೇಲಿನಿಂದ ನೋಡುವಾಗ ಅವನು ಓಡುವುದಕ್ಕೆ ಮೊದಲೇ ಅವನು ಓಡುವ ದಾರಿ ಕಸ್ತೂರೆವ್ವನಿಗೆ ಕಾಣುತ್ತಿತ್ತು. ಹೊಲದಲ್ಲಿ ಗಾಳಿ ಬೀಸಿದಾಗ ಪೈರು ಸೀಳಿ ದಾರಿಯಾಗುತ್ತದಲ್ಲ, ಹಾಗೆ.

ಸಂಸ್ಥಾನದ ಕಾಲದ ಕತೆಯೊಂದನ್ನು ಜೈಬುನ್ನೀಸಾ ವರ್ಷಕ್ಕೊಮ್ಮೆಯಾದರೂ ಹೇಳುತ್ತಿದ್ದಳು. ಆಗ ಲಕ್ಷ್ಮೇಶ್ವರ ಮಿರಜಿನವರದ್ದು, ಶಿರಹಟ್ಟಿ ಸಾಂಗ್ಲಿಯವರದ್ದು, ಗದಗು ಇಂಗ್ಲಿಷರದ್ದು. ಗದಗಿನಿಂದ ಹೊಸ ಚೆಂಡು ಕೊಂಡು ತರುವಾಗ ಗಡಿಯ ಸುಂಕದ ನಾಕೆಯವನು ಅದಕ್ಕೆ ಜಕಾತಿ ಕೇಳಿದನಂತೆ.

"ನಮ್ಮ ದಾವಲ್ ಏನಂದ ಗೊತ್ತೇನಕ್ಕಾ? 'ಇದರಾಗ ಇರೂದು ಬರೇ ಗಾಳಿ, ಗಾಳಿಗೂ ಜಕಾತಿ ಐತೇನ್ರಿ?' ಅಂದ. ಅಂದಾಂವನ ಚೆಂಡು ನೆಲಕ್ಕ ಬಿಟ್ಟು ಒದ್ದ ನೋಡು, ನಾಕಾ ದಾಟಿ ಹೋತು! ಅವನ ಜೋಡಿ ಇದ್ದವರೆಲ್ಲಾ ಅದರ ಬೆನ್ನ ಹತ್ತಿ ಓಡಿದ್ರು."

ನಾಕೆಯವನೂ ನಕ್ಕನಂತೆ. ಈಗ ನಾಕೆಯಿರಲಿಲ್ಲ. ಸಂಸ್ಥಾನಗಳು ಹೋಗಿ ಎಲ್ಲ ಮುಂಬಯಿ ರಾಜ್ಯವಾಗಿತ್ತು. ಅದೂ ಈ ವರ್ಷಕ್ಕೆ ಮುಗಿಯುವುದಿತ್ತು. ನವೆಂಬರಿನಲ್ಲಿ ಕನ್ನಡದವರೆಲ್ಲ ಒಂದೇ ರಾಜ್ಯದಲ್ಲಿ ಸೇರುತ್ತಾರೆಂದು ಅಂಗಡಿಗಳಲ್ಲಿ ಮಾತು. ಆ ಸಂತೋಷಕ್ಕೆ ಗದಗಿನ ಅರಳೆ ವ್ಯಾಪಾರಿಗಳು ಗೆದ್ದವರಿಗೆ ಬೆಳ್ಳಿ ಢಾಲು ಕೊಡುವ ಈ ಸಲದ ಪಂದ್ಯಗಳಿಗೆ ಹೊಳೆಯಾಚೆಯ ಮೈಸೂರು ಸೀಮೆಯ ಹಡಗಲಿಯವರನ್ನೂ ಹೈದರಾಬಾದ್ ಸೀಮೆಯ ಕೊಪ್ಪಳದವರನ್ನೂ ಕರೆದಿದ್ದರು. ಲಕ್ಷ್ಮೇಶ್ವರದ ಮೊದಲ ಆಟವೇ ಹಡಗಲಿಯವರ ಮೇಲೆ.

ಆದರೆ ದಾವಲಸಾಬನ ಮಂಡಿ ಹೋದ ವರ್ಷದ ಕೊನೆಯ ಆಟದಲ್ಲಿ ತಿರುಚಿಕೊಂಡಿತ್ತು. ಬೇಸಿಗೆಯಿಡೀ ಅವನು ಟಾಂಗಾದಿಂದ ಇಳಿಯುವಾಗ ಕುದುರೆಯ ಬೆನ್ನು ಹಿಡಿದು ಇಳಿಯುತ್ತಿದ್ದ. ಈ ವರ್ಷ ಕಸ್ತೂರೆವ್ವನಿಗೆ ಊಟ ಇನ್ನಷ್ಟು ಸೇರದಿದ್ದದ್ದು ಅದಕ್ಕೇ. ರೊಟ್ಟಿ ತಟ್ಟುವಾಗ, ನೀರು ಸೇದುವಾಗ, ಅತ್ತೆಯ ಕಾಲು ಒತ್ತುವಾಗ ಅವಳ ಕಣ್ಣ ಮುಂದೆ ಒಂದೇ ಚಿತ್ರ ತೇಲುತ್ತಿತ್ತು. ದಾವಲಸಾಬ ಎಡಗಡೆಯಿಂದ ಚೆಂಡನ್ನು ಮೇಲಕ್ಕೆ ಒದೆಯುತ್ತಾನೆ. ಅದು ಮೋಡದ ತನಕ ಏರುತ್ತದೆ, ಸೋಮೇಶ್ವರನ ಗುಡಿಯ ಶಿಖರದ ಮೇಲೆ ತಿರುಗುತ್ತ ನಿಲ್ಲುತ್ತದೆ. ಕೆಳಗೆ ಎಲ್ಲರೂ ತಲೆಯೆತ್ತಿ ನಿಂತಿದ್ದಾರೆ. ಚೆಂಡು ಇಳಿಯುವುದೇ ಇಲ್ಲ. ಹೋದ ವರ್ಷಗಳ ಸೋಲುಗಳೆಲ್ಲ ಆಗದೇ ಇದ್ದವೇನೋ ಎಂಬಂಥ, ಈ ವರ್ಷದ್ದು ಇನ್ನೂ ಯಾರಿಗೂ ತಿಳಿಯದ ಆ ಹೊತ್ತು ಅವಳಿಗೆ ಇಡೀ ಮಳೆಗಾಲದಲ್ಲೇ ರುಚಿಯಾದ ಹೊತ್ತು.

"ರೊಟ್ಟಿ ಹತ್ತಿತು ನೋಡು," ಎಂದು ಅತ್ತೆ ಹೇಳಿದಾಗ ಚೆಂಡು ಮಾಯವಾಗುತ್ತಿತ್ತು.

ಮೊದಲ ಸಂಜೆಯ ತಾಲೀಮಿಗೆ ಇಬ್ಬರು ಹೆಂಗಸರೂ ಮಾಳಿಗೆಯಲ್ಲಿದ್ದರು. ದಾವಲಸಾಬ ಬಂದ. ಗೋಲಿನ ಕಂಬಕ್ಕೆ ಒರಗಿ ಕುಳಿತ. ಉಳಿದವರು ಆಡುತ್ತಿದ್ದರು, ಅವನು ಹುಲ್ಲಿನ ಎಸಳು ಕಡಿಯುತ್ತಿದ್ದ. ಬೆಳಕು ಕಂದಿತು. ಸಣ್ಣ ಮಳೆ ಶುರುವಾಗಿ ದೂರದ ಹುಣಸೆಮರಗಳು ಹೊಗೆಯಲ್ಲಿ ಮುಳುಗಿದಂತಾದವು.

"ನಿನ್ನ ತಮ್ಮ ಈ ವರ್ಷ ಆಡಂಗಿಲ್ಲೇನ ಜೈಬೂ?"

"ಏನೂ ಹೇಳವಲ್ಲಕ್ಕಾ. ಕೇಳಿದ್ರ ಕುದುರಿ ಜೋಡಿ ಮಾತಾಡ್ತಾನ."

ಆಗ ಚೆಂಡೊಂದು ಅವನತ್ತ ಉರುಳಿ ಬಂತು. ದಾವಲಸಾಬ ಅದನ್ನು ನೋಡಿದ. ಎದ್ದ. ಚಪ್ಪಲಿ ಕಳಚಿ ಕಂಬದ ಬುಡಕ್ಕಿಟ್ಟ. ಚೆಂಡನ್ನು ಮುಟ್ಟಿದ್ದೇ ತಡ ಮೈದಾನದ ಎಡಬದಿಗುಂಟ ಹೊರಟ. ಮೊದಲು ನಡೆದಂತೆ, ಆಮೇಲೆ ಓಡಿದಂತೆ, ಆಮೇಲೆ ಆ ಮಂಜು ಮಂಜು ಮಳೆಯಲ್ಲಿ ಅವನ ಬಿಳಿ ಅಂಗಿಯೊಂದೇ ಜಾರಿ ಹೋಗುತ್ತಿರುವಂತೆ. ಯಾರೂ ಅಡ್ಡ ಬರಲಿಲ್ಲ. ಆ ತುದಿ ಮುಟ್ಟಿ ಅವನು ತಿರುಗಿ ನಿಂತಾಗ ಜೈಬುನ್ನೀಸಾ ಸೆರಗಿನಿಂದ ಮುಖ ಒರೆಸಿಕೊಂಡು, "ಮಳಿ ಜೋರಾತು," ಎಂದಳು. ಮಳೆ ಅಷ್ಟೇನೂ ಜೋರಾಗಿರಲಿಲ್ಲ.

ಆ ವಾರ ಊಟಕ್ಕೆ ಕುಳಿತಾಗ ವಿರೂಪಾಕ್ಷಪ್ಪ ತಲೆ ಎತ್ತದೆ ಹೇಳಿದ.

"ನಾಳಿ ಗದಗಿಗೆ ಹೊಂಟೇನಿ. ಅಡತಿ ಕೆಲಸ ಐತಿ. ನೀನೂ ಬಾ."

"ನಾ ಯಾಕ್ರಿ?"

"ಆಟ ಐತಂತಲ್ಲ."

ಕಸ್ತೂರೆವ್ವನ ಕೈಯಲ್ಲಿದ್ದ ಸಾರಿನ ಸವಟು ಹಾಗೇ ನಿಂತಿತು. ಬಾಗಿಲ ಬಳಿ ಎಲೆ ಅಡಿಕೆ ಕುಟ್ಟುತ್ತಿದ್ದ ಬಸವಣ್ಣೆವ್ವನ ಕುಟ್ಟಾಣಿಯೂ ನಿಂತಿತು.

"ಯಾವ ಆಟಾರಿ?" ಎಂದಳು ಕಸ್ತೂರೆವ್ವ.

"ಊರಾಗ ಎಲ್ಲಾರ ಮಾಳಿಗಿ ಸೋರತಾವು, ನಮ್ಮದೊಂದ ಸೋರಂಗಿಲ್ಲ," ಎಂದ ವಿರೂಪಾಕ್ಷಪ್ಪ. "ನನಗೂ ಕಣ್ಣದಾವು. ಅಂಗಡಿಯಿಂದ ಬರೂ ಹಾದಿಯಾಗ ಮ್ಯಾಲ ನೋಡಿದ್ರ ನೀ ಕಾಣತೀ. ಮಣ್ಣಿನ ಬುಟ್ಟಿ ಹಿಡಕೊಂಡು ಗೋಲ್ ಗೋಲ್ ಅಂತಿರತೀ."

ಅವಳಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. ಸೊಸೆಯ ಕಡೆ ಒಮ್ಮೆ, ಮಗನ ಕಡೆ ಒಮ್ಮೆ ನೋಡಿ ಬಸವಣ್ಣೆವ್ವ ಕುಟ್ಟಾಣಿ ಮತ್ತೆ ಎತ್ತಿಕೊಂಡಳು.

"ಹೋಗಿ ಬಾರವಾ. ಆದ್ರ ನೋಡೂದಷ್ಟ. ನೀ ಓಡಾಕ ನಿಂದರಬ್ಯಾಡ."

ಮರುದಿನ ಜೈಬುನ್ನೀಸಾಳೂ ಜೊತೆಗೆ ಬಂದಳು. ಶಿರಹಟ್ಟಿ ಮೇಲೆ ಹಾದು ಬಸ್ಸು ಗದಗು ಮುಟ್ಟುವ ಹೊತ್ತಿಗೆ ಮಳೆ ನಿಂತು ಮೋಡ ಮಾತ್ರ ಉಳಿದಿತ್ತು. ರೈಲು ಹಳಿಯ ಪಕ್ಕದ ಮೈದಾನದ ಸುತ್ತ ಜನ. ಒಂದು ಮೂಲೆಯಲ್ಲಿ ರೈಲ್ವೆ ಕೆಲಸಗಾರರ ಹೆಂಡಂದಿರು ಕೊಡೆ ಹಿಡಿದು ನಿಂತಿದ್ದರು. ಇವರಿಬ್ಬರನ್ನು ಕಂಡು ಅವರು ಜಾಗ ಸರಿಸಿ ಕೊಟ್ಟರು. ವಿರೂಪಾಕ್ಷಪ್ಪ ಹತ್ತಿರದಲ್ಲೇ ಗಂಡಸರ ಗುಂಪಿನಲ್ಲಿ ನಿಂತ.

ಸೀಟಿ ಊದಿದರು. ಆಟ ಶುರುವಾಯಿತು. ಕಸ್ತೂರೆವ್ವನಿಗೆ ಏನೂ ಕಾಣಲಿಲ್ಲ.

ಕಣ್ಣ ಮುಂದೆ ಬರೀ ಕಾಲುಗಳು, ಬೆನ್ನುಗಳು, ಹಾರುವ ಕೆಸರು. ಯಾರು ಎಲ್ಲಿಗೆ ಹೊರಟಿದ್ದಾರೆ, ದಾರಿ ಎಲ್ಲಿ ತೆರೆದಿದೆ, ಒಂದೂ ತಿಳಿಯದು. ಅಪ್ಪನ ಹೆಗಲಿನಿಂದಲೂ ಮಾಳಿಗೆಯಿಂದಲೂ ಅವಳು ನೋಡಿದ್ದು ಬೇರೆ ಯಾವುದೋ ಆಟವಿರಬೇಕು. ಕಣ್ಣು ಮುಚ್ಚಿಕೊಳ್ಳೋಣವೇ ಎನಿಸುವಷ್ಟು ಬೇಸರವಾಯಿತು. ನಿಜವಾಗಿಯೂ ಮುಚ್ಚಿಕೊಂಡಳು.

ಆಗ ಆಟ ಕೇಳಿಸಿತು. ದಪ್ಪ ಉಸಿರು. ಒದ್ದೆ ನೆಲದ ಮೇಲೆ ಬರಿಗಾಲುಗಳ ಸಪ್ಪಳ. ತೊಗಲಿನ ಚೆಂಡಿಗೆ ಕಾಲು ತಗಲಿದಾಗಿನ ಮೆತ್ತನೆಯ ಪೆಟ್ಟು. ಮಾಳಿಗೆಯ ತನಕ ಈ ಸದ್ದು ಯಾವತ್ತೂ ಮುಟ್ಟಿರಲಿಲ್ಲ. "ಇಲ್ಲೇ ಅದೀನೋ!" "ಬಿಡಬ್ಯಾಡಲೇ ಅವನ್ನ!" ಸಿಂಗಟಾಲೂರಿನ ಹತ್ತಿರ ತುಂಬಿದ ಹೊಳೆಯನ್ನು ಹರಿಗೋಲಿನಲ್ಲಿ ದಾಟಿ ಮುಂಡರಗಿ ಮೇಲೆ ಬಂದಿದ್ದ ಹಡಗಲಿಯವರೂ ಅದೇ ಮಾತಿನಲ್ಲಿ ಕೂಗುತ್ತಿದ್ದರು, ಅದೇ ಮಾತಿನಲ್ಲಿ ಬಯ್ಯುತ್ತಿದ್ದರು. ಕಣ್ಣು ಮುಚ್ಚಿದ್ದರೆ ಯಾರು ಯಾವ ದಂಡೆಯವರೆಂದು ಹೇಳಲು ಬರುತ್ತಿರಲಿಲ್ಲ.

"ಅಕ್ಕಾ!" ಎಂದು ಜೈಬುನ್ನೀಸಾ ಕಿರುಚಿದಳು.

ಕಣ್ಣು ತೆರೆಯುವಷ್ಟರಲ್ಲಿ ಚೆಂಡು ಎದೆಗೆ ಬಂದು ಬಡಿದಿತ್ತು. ಬೀಳದ ಹಾಗೆ ಅದನ್ನು ಎರಡೂ ತೋಳಿನಲ್ಲಿ ಅಪ್ಪಿಕೊಂಡಳು. ಇಷ್ಟು ವರ್ಷ ಗಾಳಿಯಷ್ಟೇ ಹಗುರ ಎಂದುಕೊಂಡಿದ್ದ ವಸ್ತು ನೀರು ಕುಡಿದು ಕಲ್ಲಿನಂತೆ ಭಾರವಾಗಿತ್ತು. ಹೊಲಿಗೆಯ ಸಂದಿಯಲ್ಲಿ ಕೆಸರು. ಬೆಚ್ಚಗಿತ್ತು ಕೂಡ. ಹೊಸ ಇಳಕಲ್ ಸೀರೆಯ ಮೇಲೆ ಕೆಂಪು ರಾಡಿಯ ದುಂಡನೆಯ ಗುರುತು ಬಿದ್ದಿತು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದೂ ಅವಳು ಚೆಂಡು ಬಿಡಲಿಲ್ಲ.

ಗೆರೆಯ ಹೊರಗಿನಿಂದ ಎಸೆಯಲು ದಾವಲಸಾಬನೇ ಬಂದ. ಹತ್ತಿರದಿಂದ ನೋಡಿದರೆ ಗಡ್ಡದಲ್ಲಿ ನರೆ ಇತ್ತು. ಎಡ ಮಂಡಿಗೆ ಬಟ್ಟೆ ಸುತ್ತಿದ್ದ.

"ಅಕ್ಕಾರ, ಚೆಂಡು ಕೊಡ್ರಿ."

"ಕಾಲು ಹೆಂಗೈತೋ?" ಎಂದಳು ಮೆಲ್ಲಗೆ.

"ನೋಯಾಕತ್ತೈತ್ರಿ. ಬಾಳ ನೋಯಾಕತ್ತೈತಿ," ಎಂದ ಅವನು. ಹೇಳುತ್ತಲೇ ಹಲ್ಲು ಕಾಣುವ ಹಾಗೆ ನಕ್ಕ. ಅವಳು ಚೆಂಡು ಕೊಟ್ಟಳು.

ಮಾಳಿಗೆಯಿಂದ ನೋಡುವಾಗ ದಾವಲಸಾಬ ಆಡುವನೋ ಇಲ್ಲವೋ ಎಂದಷ್ಟೇ ಅವಳು ಚಿಂತಿಸಿದ್ದಳು, ಅವನಿಗೆ ನೋವು ಆಗಬಹುದೆಂದು ಅನಿಸಿರಲೇ ಇಲ್ಲ. ಅಲ್ಲಿ ಅವನು ಬಿಳಿ ಅಂಗಿ, ಒಂದು ದಾರಿ, ಅಷ್ಟೆ. ಈಗ ಅವನು ಹೊರಟಾಗ ಪ್ರತಿ ಹೆಜ್ಜೆಗೂ ಅವಳ ಮಂಡಿಯೇ ಚುರುಕ್ಕೆನ್ನುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವನು ಮತ್ತೆ ಗೆರೆಗುಂಟ ಓಡಿದ, ಅವಳೆದುರೇ ಉಸಿರು ಬಿಡುತ್ತ ಹಾದು ಹೋದ. ಮುಂದೆ ನಿಂತ ಜನ ಕೈಯೆತ್ತಿದರು. ದೊಡ್ಡ ಸದ್ದು. ಗೋಲಾದದ್ದನ್ನು ಅವಳು ನೋಡಲೇ ಇಲ್ಲ. ಜೈಬುನ್ನೀಸಾ ಅವಳ ರಟ್ಟೆ ಹಿಡಿದು ಕುಣಿಸುತ್ತಿದ್ದಾಗ ಗೊತ್ತಾಯಿತು. ಕೊಡೆ ಹಿಡಿದ ಹೆಂಗಸರೂ ಕುಣಿದರು.

ಆಟ ಮುಗಿಯುವ ಮೊದಲು ಹಡಗಲಿಯವರೂ ಒಂದು ಗೋಲು ಹೊಡೆದರು. ಸಮಸಮ. ಮುಂದಿನ ವಾರ ಇದೇ ಎರಡು ತಂಡ ಮತ್ತೆ ಆಡಬೇಕೆಂದು ತೀರ್ಮಾನವಾಯಿತು. ಆಟ ಮುಗಿದಾಗ ಕೆಸರಿನಲ್ಲೇ ಕುಸಿದು ಕುಳಿತಿದ್ದ ದಾವಲಸಾಬನನ್ನು ಎಬ್ಬಿಸಿದವನು ಹಡಗಲಿಯ ಗೋಲು ಕಾಯುವವನೇ. ಅವನ ಹೆಗಲ ಮೇಲೆ ಕೈ ಹಾಕಿಕೊಂಡು ದಾವಲಸಾಬ ಕುಂಟುತ್ತ ಚಹದ ಅಂಗಡಿಯ ಕಡೆಗೆ ನಡೆದ.

ಹಿಂತಿರುಗುವ ಬಸ್ಸಿನಲ್ಲಿ ಕಸ್ತೂರೆವ್ವ ಕಿಟಕಿಯ ಪಕ್ಕ ಕುಳಿತಳು. ಸಂಜೆಯ ಹಳದಿ ಬೆಳಕು ಮೋಡದಡಿಯಿಂದ ತೂರಿ ಬಂದು ಆಗತಾನೆ ಮೊಳೆತ ಹೆಸರಿನ ಹೊಲಗಳ ಮೇಲೆ ಮಲಗಿತ್ತು. ಹೊಲದಿಂದ ಹೊಲಕ್ಕೆ ಬಿಳಿ ಕೊಕ್ಕರೆಗಳು ಹಾರಿ ಕೂಡುತ್ತಿದ್ದವು. ಅವುಗಳಲ್ಲಿ ಯಾವುದು ಎಡಬದಿಯದು, ಯಾವುದು ಗೋಲು ಕಾಯುವುದು ಎಂದು ಅವಳು ನೋಡುತ್ತ ನೋಡುತ್ತ ಬಸ್ಸು ಮುಂದೆ ಹೋಗಿಬಿಡುತ್ತಿತ್ತು.

"ಒಂದ್ ತಿಳೀಲಿಲ್ಲ," ಎಂದ ವಿರೂಪಾಕ್ಷಪ್ಪ. "ನಮ್ಮವರು ಇನ್ನೊಂದು ಗೋಲ್ ಹೊಡದ್ರಲ್ಲ, ಅದನ್ಯಾಕ ತಗದು ಹಾಕಿದ್ರು?"

ಅವಳು ಹೇಳತೊಡಗಿದಳು. ಚೆಂಡು ಒದೆಯುವ ಮೊದಲೇ ಮುಂದೆ ಹೋಗಿ ನಿಂತರೆ ಲೆಕ್ಕವಿಲ್ಲ, ನಡುವೆ ಎದುರಿನವರು ಇರಬೇಕು ಎಂದಳು. ಅವನು ಅರ್ಥವಾಗಲಿಲ್ಲ ಎಂದ. ಮತ್ತೆ ಹೇಳಿದಳು. ಮದುವೆಯಾದಾಗಿನಿಂದ ಒಂದೇ ಉಸಿರಿಗೆ ಗಂಡನೊಂದಿಗೆ ಇಷ್ಟು ಮಾತು ಆಡಿದ ನೆನಪು ಅವಳಿಗಿರಲಿಲ್ಲ. ಮುಂದಿನ ಸೀಟಿನಲ್ಲಿದ್ದ ಜೈಬುನ್ನೀಸಾ ತಿರುಗಿ ಕುಳಿತು ತಾನೂ ಒಂದೆರಡು ಮಾತು ಸೇರಿಸಿದಳು.

"ಮುಂದಿನ ವಾರ ಅಂದ್ರ ಅವತ್ತ ಸಂತಿ," ಎಂದ ವಿರೂಪಾಕ್ಷಪ್ಪ, ಶಿರಹಟ್ಟಿ ದಾಟಿದ ಮೇಲೆ. "ಅಂಗಡಿ ಬಿಟ್ಟು ನಾ ಬರಾಕ ಆಗಂಗಿಲ್ಲ."

ಕಸ್ತೂರೆವ್ವ ಕಿಟಕಿಯತ್ತ ತಿರುಗಿದಳು. ಬಸ್ಸು ಒಂದು ಹಳ್ಳದ ನೀರಿನಲ್ಲಿ ನಿಧಾನವಾಗಿ ಇಳಿದು ಮೇಲೆ ಹತ್ತಿತು.

"ನೀವಿಬ್ಬರ ಹೋಗಿ ಬರ್ರಿ," ಎಂದ ಅವನು. "ಬಂದ ಮ್ಯಾಲ ನನಗ ಎಲ್ಲಾ ಹೇಳಬೇಕು ಮತ್ತ."

"ಆತ್ರಿ," ಎಂದಳು ಅವಳು. ಹೊರಗೆ ಕೊಕ್ಕರೆಗಳೆಲ್ಲ ಒಮ್ಮೆಲೇ ಎದ್ದು ಲಕ್ಷ್ಮೇಶ್ವರದ ಕಡೆಗೆ ಹಾರಿದವು.