ರೋಸಿನ ಸಂಜೆ ಮೂಕವಾದ ಪೆಟ್ಟಿಗೆ

ಕದಿಯುವುದು ಪಾಪವೆಂದು ಜೆರ್ಟ್ರೂಡ್ ಬಾಯಮ್ಮನಿಗೆ ಚೆನ್ನಾಗಿ ಗೊತ್ತಿತ್ತು. ಆದರೆ ತಂಗಿಯ ಮಗನ ಪೆಟ್ಟಿಗೆಯಿಂದ ಹೆಬ್ಬೆರಳಿನಷ್ಟು ಉದ್ದದ ಒಂದು ಗಾಜಿನ ಟ್ಯೂಬನ್ನು ಕಳಚಿ, ಹತ್ತಿಯಲ್ಲಿ ಸುತ್ತಿ, ಜಪಸರದ ಚೀಲದೊಳಗೆ ಇಟ್ಟುಕೊಂಡರೆ ಅದು ಕದ್ದ ಲೆಕ್ಕಕ್ಕೆ ಬರುತ್ತದೆಯೇ ಎಂದು ಅವರು ಪಾದ್ರಿಗಳಲ್ಲಿ ಕೇಳಲು ಹೋಗಲಿಲ್ಲ. ಕೇಳಿ, ಬರುತ್ತದೆ ಎಂದುಬಿಟ್ಟರೆ ಕಷ್ಟ.

ಅಂದು ಮಂಗಲ್ಪಾಡಿಯ ತಂಗಿಯ ಮನೆಯಲ್ಲಿ ಅವಳ ಮಗಳು ಒಲಿವಿಯಾಳ ರೋಸ್. ಮದುವೆಯ ಹಿಂದಿನ ಸಂಜೆ ವಧುವನ್ನು ಅವಳ ಮನೆಯಲ್ಲಿ, ವರನನ್ನು ಅವನ ಮನೆಯಲ್ಲಿ ಮಣೆಯ ಮೇಲೆ ಕೂರಿಸಿ, ಬಂಧುಗಳೆಲ್ಲ ಸರದಿಯಲ್ಲಿ ತೆಂಗಿನ ಹಾಲು ಹಚ್ಚುವ ಶಾಸ್ತ್ರ. ಹಾಲು ಹಚ್ಚುವಾಗ ಹೆಂಗಸರು ವೊವಿಯೊ ಹಾಡಬೇಕು. ಒಬ್ಬಳು ಸಾಲು ಎತ್ತಿಕೊಡುವುದು, ಉಳಿದವರು ದನಿಗೂಡಿಸುವುದು. ಆ ಕುಟುಂಬದಲ್ಲಿ ಎತ್ತಿಕೊಡುವ ಗಂಟಲು ಯಾವತ್ತೂ ಬಾಯಮ್ಮನದು. ವರನ ಕಡೆಯವರ ಮೂಗು, ಮೀಸೆ, ಜಿಪುಣತನ ಒಂದನ್ನೂ ಬಿಡದೆ ರಾಗ ಹಾಕಿ ಕಾಲೆಳೆಯುವುದರಲ್ಲಿ ಅವರನ್ನು ಮೀರಿಸಿದವರಿಲ್ಲ.

ಕಳೆದ ವರ್ಷ ನೆಂಟರ ಹುಡುಗ ಅಲ್ರಾಯ್‌ನ ರೋಸ್ ಆಗುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಆ ದಿನ ಒಲಿವಿಯಾಳ ಅಣ್ಣ ಡೆನ್ಜಿಲ್ ತನ್ನ ಗಿಟಾರನ್ನೂ ಅದರ ದನಿ ಹಿಗ್ಗಿಸುವ ಹಳೆಯ ಕಾಲದ ಟ್ಯೂಬ್ ಆಂಪ್ಲಿಫೈಯರ್ ಪೆಟ್ಟಿಗೆಯನ್ನೂ ಹೊತ್ತು ತಂದಿದ್ದ. ಬಾಯಮ್ಮ ಒಂದು ಸಾಲೂ ಬಿಡದೆ ಹಾಡಿದರು. ಊಟದ ಹೊತ್ತಿಗೆ ಹಿಂದಿನ ಸಾಲಿನ ಒಬ್ಬಳು ಬಂದು, ಈ ಸಲ ನೀವು ಯಾಕೆ ಹಾಡಲಿಲ್ಲ ಎಂದು ವಿಚಾರಿಸಿದಳು. ಆ ಮಾತು ಬಾಯಮ್ಮನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಒಲಿವಿಯಾ ಅವರು ಎತ್ತಿ ಆಡಿಸಿದ ಮಗು. ಅವಳ ರೋಸಿನಲ್ಲಾದರೂ ತನ್ನ ಹಾಡು ಕೊನೆಯ ಕುರ್ಚಿಯವರೆಗೆ ಕೇಳಬೇಕು. ಅದಕ್ಕೆ ಆ ಪೆಟ್ಟಿಗೆ ಸುಮ್ಮನಿರಬೇಕು. ಬಾಯಮ್ಮನಿಗೆ ಬೇಕಿದ್ದದ್ದು ಅಷ್ಟೇ.

ಉಪಾಯ ಹೇಳಿಕೊಟ್ಟವನು ಡೆನ್ಜಿಲನೇ, ಪಾಪ. ಪೆಟ್ಟಿಗೆಯ ಹಿಂಬದಿ ತೋರಿಸಿ, ಈ ದೊಡ್ಡ ಟ್ಯೂಬುಗಳು ಬಲ ಕೊಡುತ್ತವೆ, ಆದರೆ ಮೂಲೆಯಲ್ಲಿ ತಗಡಿನ ಟೊಪ್ಪಿಯೊಳಗೆ ಕೂತ ಈ ಚಿಕ್ಕದು ಇಲ್ಲದಿದ್ದರೆ ಉಳಿದವೆಲ್ಲ ದಂಡ ಎಂದು ಒಮ್ಮೆ ಹೆಮ್ಮೆಯಿಂದ ವಿವರಿಸಿದ್ದ. ಅವನ ಮಾವ್ಶಿ, ಎಂದರೆ ದೊಡ್ಡಮ್ಮ ಬಾಯಮ್ಮ, ತಲೆದೂಗುತ್ತ ಕೇಳಿಸಿಕೊಂಡಿದ್ದರು. ಈ ಮಧ್ಯಾಹ್ನ ಎಲ್ಲರೂ ತೆಂಗಿನಕಾಯಿ ತುರಿಯುತ್ತಿದ್ದಾಗ, ತಣ್ಣಗಿದ್ದ ಪೆಟ್ಟಿಗೆಯ ಹಿಂದೆ ಹೋಗಿ ಟೊಪ್ಪಿಯನ್ನು ತಿರುಗಿಸಿ ತೆಗೆದರು, ಟ್ಯೂಬನ್ನು ಎಳೆದರು, ಖಾಲಿ ಟೊಪ್ಪಿಯನ್ನು ಮೊದಲಿನಂತೆಯೇ ಕೂರಿಸಿದರು. ಹೊರಗಿನಿಂದ ನೋಡಿದರೆ ಒಳಗೆ ಏನೂ ಇಲ್ಲವೆಂದು ಯಾರಪ್ಪನಿಗೂ ತಿಳಿಯುವಂತಿರಲಿಲ್ಲ.

ಸಂಜೆ ಡೆನ್ಜಿಲ್ ಸ್ವಿಚ್ ಹಾಕಿದ. ಕೆಂಪು ದೀಪ ಹತ್ತಿತು, ದೊಡ್ಡ ಟ್ಯೂಬುಗಳು ಕೆಂಪಗೆ ಕಾದವು. ತಂತಿ ಮೀಟಿದರೆ ಶಬ್ದವೇ ಇಲ್ಲ. ಬಾಯಮ್ಮ ಮುಖವನ್ನು ಆದಷ್ಟು ಸಪ್ಪೆ ಮಾಡಿಕೊಂಡು, ಎಂತ ಆಯಿತು ಮಗಾ ಎಂದು ಎಲ್ಲರಿಗಿಂತ ಮೊದಲು ಕೇಳಿದರು.

ಆಮೇಲೆ ಶುರುವಾಯಿತು ನೋಡಿ, ಊರಿನ ಪಾಂಡಿತ್ಯ. ವಧುವಿನ ತಂದೆ ಅಲೋಶಿಯಸ್ ವೋಲ್ಟೇಜ್ ಕಡಿಮೆ ಎಂದರು. ಅವರ ಮನೆಯ ಟಿವಿ ಕೆಟ್ಟಾಗಲೂ, ಮಿಕ್ಸಿ ಕೆಟ್ಟಾಗಲೂ ಅವರು ಹೇಳಿದ್ದು ಅದನ್ನೇ. ಪಕ್ಕದ ಮನೆಯ ಲೋಕನಾಥ ಅರ್ಥಿಂಗ್ ಸರಿಯಿಲ್ಲವೆಂದು ತೀರ್ಪು ಕೊಟ್ಟು, ನೆಲಕ್ಕೆ ನೀರು ಹೊಯ್ಯಲು ಚೊಂಬು ಹುಡುಕಿದ. ಗಂಡಸರೆಲ್ಲ ಪೆಟ್ಟಿಗೆಯನ್ನು ಸುತ್ತುಗಟ್ಟಿದರು. ಅವರು ಏನು ನೋಡುತ್ತಿದ್ದಾರೆಂದು ನೋಡಲು ಹೆಂಗಸರೂ ಹೋದರು. ಹಾಲಿನ ಬಟ್ಟಲು ಇಟ್ಟುಕೊಂಡು ಮಣೆಯ ಮೇಲೆ ಒಲಿವಿಯಾ ಒಬ್ಬಳೇ ಉಳಿದಳು.

ಅತಿಥಿಗಳಲ್ಲಿ ಉಪ್ಪಳದ ಸುಹೈಬನೂ ಇದ್ದ. ಡೆನ್ಜಿಲನ ಗೆಳೆಯ, ಸೌಂಡ್ ಸಾಮಾನು ರಿಪೇರಿ ಮಾಡುವವ. ಅವನು ಅಂಗಿಯ ತೋಳು ಮಡಚಿ ಪೆಟ್ಟಿಗೆಯ ಹಿಂದೆ ಕೂತ. ಫ್ಯೂಸ್ ನೋಡಿದ, ಸರಿ ಇತ್ತು. ಗಿಟಾರಿನ ವಯರ್ ಬದಲಿಸಿದ, ಪ್ರಯೋಜನವಾಗಲಿಲ್ಲ. ಪೆಟ್ಟಿಗೆಯನ್ನು ಆರಿಸಿ, ಸ್ಪೀಕರಿನ ವಯರ್ ಬಿಚ್ಚಿ, ಗೋಡೆ ಗಡಿಯಾರದ ಸೆಲ್ ತೆಗೆದು ಅದರ ತುದಿಗೆ ಮುಟ್ಟಿಸಿದ. ಸ್ಪೀಕರ್ ಟಪ್ ಎಂದಿತು. ವಯರನ್ನು ಮತ್ತೆ ಸಿಕ್ಕಿಸಿದ. ಹಾಗಾದರೆ ಸ್ಪೀಕರಿಗೆ ಜೀವ ಉಂಟು, ತಾನು ಸ್ಪೀಕರಿನ ಕಡೆಯಿಂದ ಒಂದೊಂದೇ ನೋಡುತ್ತ ಗಿಟಾರಿನ ಕಡೆಗೆ ಬರುವುದಾಗಿ ಹೇಳಿದ. ಬಾಯಮ್ಮ ಚೀಲವನ್ನು ಗಟ್ಟಿಯಾಗಿ ಹಿಡಿದುಕೊಂಡು ಮನಸ್ಸಿನಲ್ಲೇ ದಾರಿ ಅಳೆದರು. ಮೂಲೆಯ ಟೊಪ್ಪಿಗೆ ಬರಲು ಅವನಿಗೆ ಇನ್ನೂ ಹೊತ್ತು ಬೇಕಿತ್ತು.

ಹೀಗೆ ಕೂತರೆ ಹಾಲು ಹುಳಿಯಾಗುತ್ತದೆ, ಗಿಟಾರ್ ಆಮೇಲೆ ಆಗಲಿ ಎಂದು ತಂಗಿ ಆನ್ಸಿಲ್ಲಾ ಗದರಿದಳು. ಜನ ಕುರ್ಚಿಗೆ ಮರಳಿದರು. ಬಾಯಮ್ಮ ಎದ್ದು ನಿಂತು ಸೆರಗು ಸರಿಮಾಡಿಕೊಂಡರು. ಅಂಗಳ ಸೂಜಿ ಬಿದ್ದರೂ ಕೇಳುವಷ್ಟು ಶಾಂತವಾಯಿತು. ಇಂಥ ಗಳಿಗೆ ಸಿಗುವುದಾದರೆ ಒಂದಲ್ಲ, ನಾಲ್ಕು ಟ್ಯೂಬ್ ಕದಿಯಬಹುದಿತ್ತು ಎನಿಸಿತು ಅವರಿಗೆ.

ಅವರು ಮೊದಲ ಸಾಲು ಎತ್ತಿದರು. ಎದುರಿಗಿದ್ದ ನಾಲ್ಕಾರು ಹೆಂಗಸರು ದನಿಗೂಡಿಸಿದರು. ಎರಡನೆಯ ಸಾಲಿಗೆ ಅಷ್ಟು ಮಂದಿಯೂ ಬರಲಿಲ್ಲ. ಮದುಮಗನ ಸೋದರಮಾವನ ಹೊಟ್ಟೆಯ ಬಗ್ಗೆ ಹೊಸದಾಗಿ ಕಟ್ಟಿದ ಸಾಲು ಬಂತು. ನಗು ಮುಂದಿನ ಸಾಲಿನಲ್ಲಿ ಹುಟ್ಟಿ ಅಲ್ಲಿಯೇ ಸತ್ತಿತು. ಹಿಂದೆ ಕೂತವರು ಕತ್ತು ಚಾಚಿದರು, ಕಿವಿಗೆ ಕೈಯಿಟ್ಟರು. ಯಾರೋ ಪಕ್ಕದವಳಲ್ಲಿ ಕೇಳಿದ್ದು ಆ ಶಾಂತಿಯಲ್ಲಿ ಸ್ಪಷ್ಟವಾಗಿ ಕೇಳಿಸಿತು.

"ಬಾಯಮ್ಮ ಶುರು ಮಾಡಿದ್ರಾ? ತುಟಿ ಮಾತ್ರ ಕಾಣ್ತಾ ಉಂಟು."

ಬಾಯಮ್ಮ ನಿಲ್ಲಿಸಿಬಿಟ್ಟರು. ಪೆಟ್ಟಿಗೆ ಇಲ್ಲ, ಗಿಟಾರ್ ಇಲ್ಲ, ಮಗುವಿನ ಅಳು ಕೂಡ ಇಲ್ಲ. ಇನ್ನು ದೂರುವುದು ಯಾರನ್ನು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಗಾದೆಯನ್ನು ಅವರು ಎಷ್ಟೋ ಜನರ ಮೇಲೆ ಎಸೆದಿದ್ದರು. ತನ್ನ ಮೇಲೆ ಬಿದ್ದಾಗ ಎಷ್ಟು ಭಾರವೆಂದು ಈಗ ತಿಳಿಯಿತು. ಕಳೆದ ವರ್ಷವೂ ಹಾಡನ್ನು ನುಂಗಿದ್ದು ಗಿಟಾರಲ್ಲ, ವಯಸ್ಸು. ಅವರಿಗೆ ಅಳು ಬಂತು, ಜೊತೆಗೆ ಸಿಟ್ಟೂ ಬಂತು. ಸಿಟ್ಟು ಮುಂದೆ ಬಂತು, ಪುಣ್ಯಕ್ಕೆ.

ಅವರು ನೆಟ್ಟಗೆ ಪೆಟ್ಟಿಗೆಯ ಹಿಂದಕ್ಕೆ ನಡೆದರು. ಸುಹೈಬ್ ಇನ್ನೂ ದೊಡ್ಡ ಟ್ಯೂಬುಗಳನ್ನು ನೋಡುತ್ತ ಕೂತಿದ್ದ. ಆರಿಸಿಯೇ ಉಂಟಾ ಎಂದು ಅವನಲ್ಲಿ ಖಚಿತ ಮಾಡಿಕೊಂಡು, ಎಲ್ಲರ ಕಣ್ಣೆದುರೇ ಮೂಲೆಯ ಟೊಪ್ಪಿ ತಿರುಗಿಸಿ ತೆಗೆದರು. ಜಪಸರದ ಚೀಲದಿಂದ ಹತ್ತಿಯ ಉಂಡೆ ಹೊರಬಂತು, ಹತ್ತಿಯಿಂದ ಟ್ಯೂಬ್ ಹೊರಬಂತು. ಅದರ ಕಡ್ಡಿಕಾಲುಗಳನ್ನು ತೂತುಗಳಿಗೆ ಹೊಂದಿಸಿ ಒತ್ತಿದರು.

ಡೆನ್ಜಿಲನ ಮುಖ ಕೆಂಪಾಯಿತು. "ಮಾವ್ಶಿ, ನೀವಾ?"

"ನಾನೇ. ಕೋಪ ನಾಳೆ ಮಾಡು, ಪೂಜೆಯ ನಂತರ. ಈಗ ಆ ಮೈಕ್ ಕೊಡು."

ಮೈಕ್ ಇದ್ದದ್ದು ಶುಭಾಶಯ ಹೇಳುವವರಿಗೆಂದು. ಬೇರೆ ಸೌಂಡಿನವರನ್ನು ಕರೆಸದೆ ಅಲೋಶಿಯಸ್ ಅದನ್ನೂ ಇದೇ ಪೆಟ್ಟಿಗೆಗೆ ಸಿಕ್ಕಿಸಿಟ್ಟಿದ್ದರು. ಬಾಯಮ್ಮ ಜೀವಮಾನದಲ್ಲಿ ಅಂಥದ್ದನ್ನು ಮುಟ್ಟಿದವರಲ್ಲ. ಸುಹೈಬ್ ನಗು ತಡೆದುಕೊಂಡು ಸ್ವಿಚ್ ಹಾಕಿದ, ಟ್ಯೂಬ್ ಕಾಯಲು ಸ್ವಲ್ಪ ತಾಳಬೇಕು ಎಂದ. ಬಾಯಮ್ಮ ತಾಳಿದರು. ಅಂಗಳವೂ ತಾಳಿತು. ಕದ್ದವಳ ಕಡೆಗೇ ಎಲ್ಲರ ಕಣ್ಣು.

ಆಮೇಲೆ ಅವರ ದನಿ ಪೆಟ್ಟಿಗೆಯಿಂದ ಹೊರಬಿದ್ದು ಅಂಗಳ ದಾಟಿ, ಅಡುಗೆಯವರಿದ್ದ ಶೆಡ್ಡಿನವರೆಗೆ ಹೋಯಿತು. ಸೋದರಮಾವನ ಹೊಟ್ಟೆಗೆ ಈ ಸಲ ಕೊನೆಯ ಕುರ್ಚಿಯವರೂ ನಕ್ಕರು. ಹಾಲು ಸುರಿಯುವ ಮುಖವನ್ನು ಒರೆಸಿಕೊಳ್ಳುತ್ತ ಒಲಿವಿಯಾ ಎಲ್ಲರಿಗಿಂತ ಜೋರಾಗಿ ದನಿಗೂಡಿಸಿದಳು. ಬಾಯಮ್ಮನ ಎದೆ ತುಂಬಿ ಬಂತು. ಆದರೆ ಅದರ ಜೊತೆಗೇ ಅವರು ಇನ್ನೊಂದನ್ನೂ ಕೇಳಿಸಿಕೊಂಡರು: ಆ ದನಿಯ ಒಡಕು, ನಡುಕ, ಸಾಲಿನ ಕೊನೆಯಲ್ಲಿ ಏದುವ ಉಸಿರು. ಪೆಟ್ಟಿಗೆ ಒಂದನ್ನೂ ಮುಚ್ಚಿಡದೆ ಊರಿಗೆಲ್ಲ ಹಂಚುತ್ತಿತ್ತು.

ಡೆನ್ಜಿಲ್ ಸಿಟ್ಟು ನುಂಗಿಕೊಂಡು ಪಕ್ಕಕ್ಕೆ ಬಂದು ಕೂತ. ಹಿರಿಯರ ಹಾಡಿಗೆ ತೊಂದರೆಯಾಗಬಾರದೆಂದು ಮೆಲ್ಲಗೆ, ಕೇಳಿಯೂ ಕೇಳದಂತೆ ತಂತಿ ಮೀಟತೊಡಗಿದ. ಸಾಲು ಮುಗಿದು ಹೆಂಗಸರು ದನಿಗೂಡಿಸುತ್ತಿರುವಾಗ ಬಾಯಮ್ಮ ಅಂಗೈಯಿಂದ ಮೈಕ್ ಮುಚ್ಚಿ, ಅವನ ಕಿವಿಯ ಹತ್ತಿರ ಬಗ್ಗಿದರು.

"ಸ್ವಲ್ಪ ಜೋರು ಬಾರಿಸು ಮಾರಾಯ. ನನ್ನ ಗಂಟಲು ಎಲ್ಲರಿಗೂ ಕೇಳ್ತಾ ಉಂಟು."