ಅಣ್ಣ ಬಿಟ್ಟುಕೊಟ್ಟ ಆಯಸ್ಸು

ಈಗ ಹೇಳಿಬಿಟ್ಟರೆ ಏನಾದೀತು? ಬಾಯಿ ಬಿಟ್ಟರೆ ಬಣ್ಣಗೇಡು. ತಮ್ಮ ಅಳತೆಯ ಟೇಪು ಬಿಸಾಡಿ ಹೊರಟುಹೋಗುತ್ತಾನೆ. ಆಮೇಲೆ ಸೂಜಿಗೆ ದಾರ ಪೋಣಿಸಿಕೊಡುವವರು ಯಾರು, ಬೆನ್ನು ಉಜ್ಜುವವರು ಯಾರು?

ಹೀಗೆ ಯೋಚಿಸುತ್ತ ಅಣ್ಣ ಕೈ ಅಗಲಿಸಿ ನಿಂತಿದ್ದ. ತಮ್ಮ ಅವನ ಎದೆಯ ಅಳತೆ ತೆಗೆಯುತ್ತಿದ್ದ. ಇಬ್ಬರೂ ದರ್ಜಿಗಳು, ಅವಳಿಗಳು. ಒಂದು ಕಾಲದಲ್ಲಿ ಒಬ್ಬನಿಗೆ ಹೊಲಿದ ಅಂಗಿಯನ್ನು ಇನ್ನೊಬ್ಬನಿಗೆ ತೊಡಿಸಿ ಸರಿನೋಡುತ್ತಿದ್ದರು. ಈಗ ತಮ್ಮನ ತಲೆ ಕಾಡಿಗೆಗಪ್ಪು. ಅಣ್ಣನ ಭುಜಗಳು ಹ್ಯಾಂಗರಿನಿಂದ ಜಾರಿದ ಕೋಟಿನಂತೆ ಇಳಿಬಿದ್ದಿದ್ದವು.

"ಮಗ ಕೆಲ್ಸ ಚೆನ್ನಾಗಿ ಕಲ್ತಿದ್ದಾನೆ ಯಜಮಾನ್ರೇ," ಅಂದ ಪ್ಯಾಂಟು ಒಯ್ಯಲು ಬಂದ ಹೊಸ ಗಿರಾಕಿ.

"ಮಗ ಅಲ್ಲ ಸ್ವಾಮಿ, ತಮ್ಮ!" ತಮ್ಮನಿಗೆ ಇಷ್ಟೇ ನೆಪ ಬೇಕಿತ್ತು. "ಎಷ್ಟೋ ವರ್ಷದ ಹಿಂದೆ ಒಂದು ಔಷಧಿ ಪರೀಕ್ಷೆಗೆ ಅವಳಿಗಳೇ ಬೇಕಾಗಿತ್ತು. ಮೊದ್ಲು ಹುಟ್ಟಿದವನಿಗೆ ಮುಪ್ಪು ನಿಧಾನ ಮಾಡೋ ಜೀನಿನ ಇಂಜೆಕ್ಷನ್ನು, ಇನ್ನೊಬ್ಬನಿಗೆ ಬರೀ ಉಪ್ಪುನೀರು. ನರ್ಸಮ್ಮ 'ದೊಡ್ಡವರು ಯಾರು' ಅಂದ್ರೆ, ಈ ಪುಣ್ಯಾತ್ಮ ನನ್ನನ್ನ ತೋರಿಸ್ಬಿಟ್ಟ. ತನ್ನ ಆಯಸ್ಸು ನಂಗೆ ಬಿಟ್ಟುಕೊಟ್ಟ."

ಅಣ್ಣನಿಗೆ ಮುಳ್ಳಿನ ಮೇಲೆ ನಿಂತಂತಾಯಿತು. ಪರೀಕ್ಷೆಯ ಹಿಂದಿನ ತಂಡದಲ್ಲಿ ಒಬ್ಬ ಆ ಚುಚ್ಚುಮದ್ದಿನಿಂದಲೇ ಸತ್ತನೆಂದು ಅಂದು ಆಸ್ಪತ್ರೆಯಲ್ಲಿ ಯಾರೋ ಪಿಸುಗುಟ್ಟಿದ್ದು ಅವನ ಕಿವಿಗೆ ಮಾತ್ರ ಬಿದ್ದಿತ್ತು.

ಗಿರಾಕಿ ಹೋದ ಮೇಲೆ ಅಣ್ಣ ಕೇಳಿದ, "ನಾಳೆ ಎರಡನೇ ಇಂಜೆಕ್ಷನ್ನಿಗೆ ಹೋಗ್ತೀಯಲ್ಲ? ತಪ್ಪಿದ್ರೆ ಮೊದಲ್ನೇದೂ ಕೆಲ್ಸ ಬಿಡುತ್ತಂತೆ."

"ಈ ವಯಸ್ಸಲ್ಲಿ ನಿನ್ನ ಮೈ ತಡೆಯಲ್ಲ, ನಿಂಗೆ ಕೊಡಲ್ಲ ಅಂದ್ರಲ್ಲ ಡಾಕ್ಟ್ರು. ಹಾಗಾದ್ರೆ ನಂಗೂ ಬೇಡ. ನಿನ್ನ ಋಣ ಹೊತ್ಕೊಂಡು ಒಬ್ನೇ ಬದುಕಿ ಏನ್ ಮಾಡ್ಲಿ?"

"ಹೋಗೋ ಹುಚ್ಚಪ್ಪ."

"ನೀನು ಅವತ್ತು ಮಾಡಿದ್ದೂ ಹುಚ್ಚೇ ತಾನೆ? ಕೈ ಎತ್ತು, ಕಂಕುಳಲ್ಲಿ ಬಿಗಿಯಾಗುತ್ತೆ."

ಒಂದು ಮಾತು ಸಾಕಿತ್ತು. ನಿಜ ತಿಳಿದರೆ ತಮ್ಮ ಸಿಟ್ಟಿನಿಂದಲಾದರೂ ನಾಳೆ ಹೋಗಿ ತೋಳು ಚಾಚುತ್ತಿದ್ದ. ಮಾತು ಗಂಟಲವರೆಗೂ ಬಂತು. ಅಷ್ಟರಲ್ಲಿ ತಮ್ಮ ಕೆಳಗೆ ಬಗ್ಗಿ, ಕಳಚಿದ್ದ ಅವನ ಚಪ್ಪಲಿಯ ಪಟ್ಟಿ ಬಿಗಿದ. ಕಾಲಿಗೆ ತಗುಲಿದ ಆ ಕೈ ಬೆಚ್ಚಗಿತ್ತು.

"ತೋಳು ಸ್ವಲ್ಪ ಸಡಿಲ ಇರ್ಲಿ," ಅಂದ ಅಣ್ಣ.

ಮರುದಿನ ಇಬ್ಬರೂ ಎಂದಿನಂತೆ ಅಂಗಡಿ ತೆರೆದರು. ವರ್ಷ ಕಳೆಯುವುದರೊಳಗೆ ತಮ್ಮನ ಕಿವಿಯ ಮೇಲೆ ನರೆ ಇಣುಕಿತು. ಕನ್ನಡಿಯಲ್ಲಿ ಅದನ್ನು ಕಂಡು, "ನೋಡಣ್ಣಾ, ನಾನೂ ಬಂದೆ," ಎಂದು ಗೆದ್ದವನಂತೆ ನಕ್ಕ. ತಾನು ಸಾಯುವ ಹೆದರಿಕೆಗೆ ಅಂದು ತಮ್ಮನನ್ನು ಮುಂದೆ ತಳ್ಳಿದೆನೆಂದು ಅಣ್ಣ ಹೇಳಲೇ ಇಲ್ಲ.